ಕಾಲು, ಅರೆ, ಮುಕ್ಕಾಲು

ಅಮ್ಮತ್ತಿಯಲ್ಲಿ, ಮೆಡಿಕಲ್ ಶಾಪಿನ ಮಹಡಿಯ ಮೇಲೆ
ಸೋಮವಾರ, ಗುರುವಾರ, ನಾಲ್ಕೂವರೆಗೆ ಚಾಪೆ ಹಾಸುತ್ತೇನೆ.
ಗೋಡೆಯ ಮೊಳೆಗೆ ಮೂರು ಪಿಟೀಲು:
ಕಾಲು, ಅರೆ, ಮುಕ್ಕಾಲು.
ಅಕ್ಕಿ ಅಳೆಯುವ ಹಾಗೆ ಮಕ್ಕಳನ್ನು ಅಳೆದಿದ್ದೇನೆ
ಇಪ್ಪತ್ತಾರು ವರ್ಷ.
ಪೂರ್ತಿಯದು ಒಂದೇ, ಅದು ನನ್ನದು;
ಅಷ್ಟುದ್ದ ಕೈ ಬೆಳೆಯುವ ಹೊತ್ತಿಗೆ
ಎಲ್ಲರಿಗೂ ಹತ್ತನೇ ಕ್ಲಾಸು ಬಂದಿರುತ್ತದೆ,
ಇಲ್ಲವೇ ಹಾಕಿ.

ರಜಾ ಚೀಟಿ ಒಂದನ್ನೂ ಬಿಸಾಡಿಲ್ಲ.
'ಪುತ್ತರಿ, ಬರುವುದಿಲ್ಲ.'
'ತೋಟದ ದಾರಿಯಲ್ಲಿ ಆನೆ ನಿಂತಿದೆ, ಬರುವುದಿಲ್ಲ.'
ಆನೆ ಹೋದದ್ದು ಮೂರು ದಿನ ಬಿಟ್ಟು,
ಹುಡುಗ ಬಂದದ್ದು ಮೂರು ವಾರ ಬಿಟ್ಟು.

'ಪಿಟೀಲು ಕುಯ್ಯಬೇಡ' ಎಂದು
ಊರೆಲ್ಲ ಒಬ್ಬರಿಗೊಬ್ಬರು ರೇಗುವಾಗ
ಕುಯ್ಯಿ ಮಗಾ, ಇನ್ನೂ ಕುಯ್ಯಿ ಎಂದವಳು ನಾನೊಬ್ಬಳೇ.
ಬೆರಳೂರುವ ಕಡೆ ಕೆಂಪು ಪಟ್ಟಿ ಅಂಟಿಸಿ,
ಕಮಾನಿಗೆ ರಾಳ ಉಜ್ಜಿ,
ಸಾ ಪಾ ಸಾ ಪಾ, ಮೂಗು ಸೀಟಿಕೋ, ಸಾ ಪಾ.

ಜುಲೈಯಲ್ಲಿ ಬಿರಡೆ ಊದಿ ತಿರುಗದು,
ಮಾರ್ಚಿಯಲ್ಲಿ ಒಣಗಿ ನಿಲ್ಲದು.
ಬೀರುವಿನೊಳಗೆ ನಲವತ್ತರ ಬಲ್ಬು ಉರಿಸಿಟ್ಟು ಕಾಯ್ದೆ.
ಕರೆಂಟ್ ಬಿಲ್ಲು ನೋಡಿ ಮನೆಯವರು,
'ಇಷ್ಟು ಶಾಖಕ್ಕೆ ಕೋಳಿಮರಿ ಆಗುತ್ತಿತ್ತಲ್ಲೇ' ಅಂದರು.

ಕಾಲು ಪಿಟೀಲಿಗೆ ಒಂದು ರೋಗವಿತ್ತು.
ಮಂದ್ರದ ತಂತಿ ಎಳೆದರೆ ಒಳಗೆಲ್ಲೋ ಗರ್ರ್.
ಒತ್ತಬೇಡ ಕಮಾನು, ಅಂದೆ ದೇಚುವಿಗೆ.
ಸುಹೈಲನ ಮೊಣಕೈಗೆ ಸ್ಕೇಲಿನಲ್ಲಿ ತಟ್ಟಿದೆ.
ಅಚ್ಚಯ್ಯನಿಗೆ, ಏಳು ವರ್ಷದವನಿಗೆ,
ಅವನಪ್ಪನ ಎದುರೇ,
'ಇದು ಗುದ್ದಲಿ ಹಿಡಿಯುವ ಕೈ' ಎಂದೆ.
ಅವನು ಅಳಲಿಲ್ಲ.
ಪಿಟೀಲನ್ನು ತಾನೇ ಚೀಲಕ್ಕೆ ಹಾಕಿ, ಜಿಪ್ ಎಳೆದು,
ಮೊಳೆಗೆ ನೇತುಹಾಕಲು ಎಟುಕದೆ
ಗೋಡೆಗೆ ಒರಗಿಸಿ ಹೋದ.

ಹೋದ ತಿಂಗಳು ಅದರ ಅಂಟು ಬಿಟ್ಟಿತು.
ಮೈಸೂರಿನಲ್ಲಿ ರಿಪೇರಿಯ ಮುದುಕ
ಹೊಟ್ಟೆ ಬಿಚ್ಚಿ, ಅಂಗೈಗೆ ಸುರಿದು ತೋರಿಸಿದ:
ಒಂದು ಕರಿಮೆಣಸು,
ಒಂದು ಹಾಲುಹಲ್ಲು.
'ಇದೇ ಅಮ್ಮಾ ನಿಮ್ಮ ಗರ್ರು.'

ಬಸ್ಸು ಹುಣಸೂರು ದಾಟುವ ತನಕ
ಹನ್ನೊಂದು ಬಾಯಿಗಳನ್ನು ನೆನೆದೆ.
ಯಾರಿಗೆ ಯಾವ ಹಲ್ಲು ಇರಲಿಲ್ಲ?
ಹಲ್ಲು ಬಿದ್ದದ್ದನ್ನು ಹೇಳಲೂ ಹೆದರಿ
ಆ ಸಣ್ಣ ಬಿಲಕ್ಕೆ ತೂರಿಸಿದ್ದು ಯಾರು?
ಗುರುತು ಹತ್ತಲಿಲ್ಲ.
ನನಗೆ ಅವರ ಮೊಣಕೈ ಮಾತ್ರ ಜ್ಞಾಪಕವಿದೆ.

ಅಚ್ಚಯ್ಯ ಈಗ ಜಂಕ್ಷನ್ನಿನಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ.
ನನ್ನ ಸ್ಕೂಟರಿಗೆ ಗಾಳಿ ಹಾಕಿದರೆ ಕಾಸು ಮುಟ್ಟುವುದಿಲ್ಲ.
ಮೊನ್ನೆ, ಪೊಟ್ಟಣ ಪರ್ಸಿನಲ್ಲಿಟ್ಟುಕೊಂಡು,
ಹೇಳಿಬಿಡೋಣವೆಂದು ನಿಂತೆ.
'ಅಚ್ಚಯ್ಯಾ, ಅವತ್ತು...'
'ಶ್, ಮಿಸ್, ಒಂದ್ನಿಮಿಷ.'

ನೀರಿನ ಬೋಗುಣಿ ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ.
ಟ್ಯೂಬನ್ನು ಕಿವಿಯ ಹತ್ತಿರ ತಂದು
ನಿಧಾನ ತಿರುಗಿಸಿದ.
ಲಾರಿ ಹೋಯಿತು, ಬಸ್ಸು ಹೋಯಿತು,
ಅವನು ಕಣ್ಣು ಮುಚ್ಚಿದ್ದ.
'ಇಲ್ಲಿ' ಎಂದು ಬೆರಳಿಟ್ಟ,
ಯಾವ ಪಟ್ಟಿಯೂ ಇಲ್ಲದ ಕಡೆ,
ಸರಿಯಾಗಿ.