ಏರುಮೀನು

ಆರಿದ್ರಾ ಹುಟ್ಟಿ ಮೂರನೇ ದಿನ
ಹರಿಹರದ ಹಳೇ ಸೇತುವೆಯ ಕಮಾನಿನ ಕೆಳಗೆ
ಹೊಳೆ ಬಣ್ಣ ಬದಲಿಸಿದ ಸುದ್ದಿ
ಶಾಲೆಯ ಗೇಟಿಗೇ ಬಂತು.
ತಂದವನು ಸೈಕಲ್ ಅಂಗಡಿಯ ದಾದಾಪೀರ.
"ಕೆಂಪು ಬಂದೈತಿ, ಮೇಷ್ಟ್ರೇ."
ಅಷ್ಟೇ ಹೇಳಿ ಪೆಡಲು ತುಳಿದ.

ಎಂಟನೇ ತರಗತಿಗೆ ಅಂದು ಅನುಪಾತ ಹೇಳಬೇಕಿತ್ತು.
ಅರ್ಧ ದಿನದ ರಜೆ ಬರೆದುಕೊಟ್ಟೆ. ಕಾರಣ: ಹಲ್ಲುನೋವು.
ಪ್ರತಿ ಆರಿದ್ರೆಗೂ ನನಗೆ ಹಲ್ಲು ನೋಯುತ್ತದೆ,
ಯಾವ ಹಲ್ಲು ಎಂದು ಕೇಳುವುದನ್ನೂ
ಹೆಡ್‌ಮಾಸ್ತರರು ಈಗ ಬಿಟ್ಟಿದ್ದಾರೆ.

ಬೇಸಿಗೆಯಲ್ಲಿ ಈ ಹೊಳೆ ಬರೀ ಬಂಡೆ, ಮರಳಿನ ಗುಂಡಿ,
ಪಾಚಿಗಟ್ಟಿದ ಮಡುವಿನಲ್ಲಿ ಜಿಲೇಬಿ ಮೀನು,
ಹುಡುಗರ ಪಂಚೆಗೂ ಸಿಗುವಂಥವು.
ಅವಕ್ಕೆ ಗಾಳ ಹಾಕುವುದೆಂದರೆ
ಒಂದನೇ ಕ್ಲಾಸಿನ ಕೂಡುವ ಲೆಕ್ಕ.

ಕೆಮ್ಮೀನು ಬೇರೆ.
ಹೊಸನೀರಿನ ವಾಸನೆ ಹಿಡಿದು
ಕೆಳಗಿನ ಹಿನ್ನೀರು ಬಿಟ್ಟು ಹೊರಟು
ನೀರು ಬಂದ ದಿಕ್ಕಿಗೇ ಮುಖ ಮಾಡಿ
ಬಂಡೆಗೆ ಮೈ ಉಜ್ಜಿ, ಸುಳಿಗೆ ಬೆನ್ನು ಕೊಟ್ಟು
ಏರುತ್ತದೆ.
ಯಾಕೆ ಏರುತ್ತೆ ಅಂತ ಒಮ್ಮೆ ಕೇಳಿದ್ದಕ್ಕೆ
ಅಂಬಿಗರ ಹುಚ್ಚಂಗೆಪ್ಪ ಬಾಯಿಂದ ಬೀಡಿ ತೆಗೆದು ಅಂದಿದ್ದ:
"ತೌರಿಗೆ ಹೊಂಟ ಬಸುರಿನ
ಯಾಕವ್ವಾ ಅಂತ ಯಾರಾರ ಕೇಳ್ತಾರೇನ್ರೀ?"

ಹರಿದ್ರಾ ಬಂದು ಕೂಡುವಲ್ಲಿ ಎರಡು ನೀರು,
ಒಂದು ಕೆಮ್ಮಣ್ಣು, ಒಂದು ಅರಿಶಿನ.
ಎರಡರ ನಡುವಿನ ಗೆರೆಯ ಮೇಲೆ ಬೆಂಡು ಬಿಡಬೇಕು.
ಮಂಡಕ್ಕಿ ಪುಡಿ, ಶೇಂಗಾ ಹಿಂಡಿ, ಚಿಟಿಕೆ ಇಂಗು,
ಕಲಸುವವನು ದಾದಾಪೀರ.
ಇಂಗು ಮಾತ್ರ ನಮ್ಮ ಅಡಿಗೆಮನೆಯದು, ಕದ್ದದ್ದು.

ಕೊರಳ ಕರಡಿಗೆಯನ್ನು ಬೆನ್ನಿಗೆ ಸರಿಸಿ ಕೂತೆ.
ಇಪ್ಪತ್ತೆರಡು ಮಳೆಗಾಲದಿಂದ ಹೀಗೇ.
ಒಂದು ತುಣುಕನ್ನೂ ಬಾಯಿಗಿಟ್ಟವನಲ್ಲ,
ಹಿಡಿದದ್ದೆಲ್ಲ ಅವನ ಚೀಲಕ್ಕೆ.

ನಾಲ್ಕೂವರೆ.
ಬೆಂಡು ಮುಳುಗಲಿಲ್ಲ. ಪಕ್ಕಕ್ಕೆ ನಡೆಯಿತು,
ಯಾರೋ ಬೆರಳು ಹಿಡಿದು ಕರೆದೊಯ್ದ ಹಾಗೆ.
ಆಮೇಲೆ ಕೈಯೊಳಗಿನ ಬಿದಿರು ಬಿದಿರಾಗಿ ಉಳಿಯಲಿಲ್ಲ.
ದಾರ ಕೊಯ್ದ ಬೆರಳು ಉರಿಯಿತು,
ಒಂದು ಚಪ್ಪಲಿ ಹೊಳೆಯ ಪಾಲಾಯಿತು,
"ಬಿಡ್ರಿ, ದಾರ ಬಿಡ್ರಿ, ಈಗ ಎಳೀರಿ, ಅಯ್ಯೋ ಈಗಲ್ಲ!"
ಮೊಣಕಾಲುದ್ದ ನೀರಲ್ಲಿ ದಾದಾಪೀರ ಕುಣಿದ.

ಬಂತು.
ಅಂಚು ಕೆಂಪಾದ ರೆಕ್ಕೆ,
ತಾಮ್ರದ ಬಿಲ್ಲೆ ಹೊಲಿದಂಥ ಮೈ,
ಬಿಗಿದು ತುಂಬಿದ ಹೊಟ್ಟೆ.
ಬೆರಳು ತಾಗಿದ್ದೇ ತಡ, ಸಾಸಿವೆಯಂಥ ತತ್ತಿ
ಒಂದೆರಡು ಅಂಗೈಗೆ ಅಂಟಿದವು.

"ಬಿಟ್ಟುಬಿಡೋಣ" ಅಂದೆ.
ಅವನು ಮೀನು ನೋಡಲಿಲ್ಲ, ನನ್ನ ನೋಡಿದ.
"ತಿನ್ನದವರಿಗೆ ಬಿಡೋದು ಸಸಾರ, ಮೇಷ್ಟ್ರೇ.
ತಂಗಿ ಅತ್ತೆ ಮನೇರು ಬಂದವ್ರೆ ರಾಣೆಬೆನ್ನೂರಿಂದ.
ಹೊಳೆಮೀನು ಅಂತ ಬಾಯಿಬಿಟ್ಟು ಹೇಳೀನಿ."

ನನ್ನಲ್ಲಿ ಉತ್ತರವಿರಲಿಲ್ಲ.
ಮೇಲೆ, ಬಲು ಮೇಲೆ, ಸೂಳೆಕೆರೆ.
ಏರುವ ಮೀನಿಗೆ ಅಲ್ಲಿ ಏರಿಯೇ ಅಡ್ಡ.
ಅದು ನನಗೂ ಗೊತ್ತು, ಅವನಿಗೂ ಗೊತ್ತು.
ಮೀನಿಗೆ ಗೊತ್ತಿಲ್ಲ.

ತುಟಿಯಿಂದ ಗಾಳ ಬಿಡಿಸಿದವನು ಅವನೇ,
ಟ್ಯೂಬಿನಲ್ಲಿ ಪಂಚರ್ ಹುಡುಕುವ ಬೆರಳಿನಿಂದ.
ನೀರಿಗಿಳಿಸಿ, ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು,
ಕಿವಿರು ಎರಡು ಸಲ ತೆರೆಯುವ ತನಕ ಕಾದ.
ಆಮೇಲೆ ಅವನ ಬೊಗಸೆಯಲ್ಲಿ ಬರೀ ಕೆಂಪು ನೀರು.

ಬರುವಾಗ ಬಸ್‌ಸ್ಟ್ಯಾಂಡ್ ಎದುರಿನ ಅಂಗಡಿಯಲ್ಲಿ
ಎರಡು ಡಜನ್ ಕೋಳಿಮೊಟ್ಟೆ ಕಟ್ಟಿಸಿಕೊಂಡ.
ದುಡ್ಡು ಕೊಡಹೋದೆ. ಬೈದ.

ಬಚ್ಚಲಿನ ನಲ್ಲಿಯ ಪಕ್ಕ
ನಿಂಬೆಯ ಹೋಳು ಮೊದಲೇ ಇತ್ತು.
ನೀಲಾಂಬಿಕೆ ಒಲೆಯ ಕಡೆ ತಿರುಗಿಯೇ ಅಂದಳು:
"ಇಂಗಿನ ಡಬ್ಬಿ ಜಾಗಕ್ಕಿಡ್ರಿ."
ಕೈ ತಿಕ್ಕುತ್ತ ನಿಂತೆ. ಸೌಟು ನಿಂತಿತು.
"ಎಷ್ಟುದ್ದ ಇತ್ತು?"

ಲೆಕ್ಕದ ಮೇಷ್ಟ್ರು ನಾನು.
ಎರಡೂ ಕೈ ಅಗಲಿಸಿ ತೋರಿಸಿದೆ,
ಅವಳು ತಿರುಗಿ ನೋಡಿದಾಗ
ಇನ್ನೊಂದಿಷ್ಟು ಅಗಲಿಸಿದೆ.