‘ಹೌದು’ ಎಂಬ ಚೌಕ

ಹೆಲ್ಮಂಡಿನ ಆಸ್ಪತ್ರೆ. ರಾತ್ರಿ ಮಗಳ ಜೊತೆ ಉಳಿಯುವವರು
ತುಂಬಬೇಕಾದ ಕಾಗದ.
ಅಲರ್ಜಿ, ಸಕ್ಕರೆ, ರಕ್ತದೊತ್ತಡ ಎಲ್ಲ ಆದ ಮೇಲೆ
ಏಳನೇ ಪ್ರಶ್ನೆ:
ಜೀವಂತ ಹಂದಿಗಳ ಒಡನಾಟವಿದೆಯೆ?

ಒಡನಾಟ.
ಮೂವತ್ತೊಂದು ವರ್ಷ, ಬೆಳಗಿನ ಐದಕ್ಕೆ,
ದೀಪ ಹಾಕಿದ ಕೂಡಲೇ ಒಂಬೈನೂರು ಮೂಗು
ಒಟ್ಟಿಗೆ ನನ್ನ ಕಡೆ ತಿರುಗುತ್ತವೆ.
ಅದಕ್ಕೆ ಬೇರೆ ಹೆಸರಿದ್ದರೆ ಹೇಳಿ.
‘ಹೌದು’ ಎಂಬ ಚೌಕದಲ್ಲಿ ಗೀಟು ಎಳೆದೆ.

ಅಷ್ಟೇ.
ನಗುತ್ತಿದ್ದ ನರ್ಸ್ ನಾಯ್ಮಾ ಎದ್ದು ಹೋದವಳು
ಹಳದಿ ನಿಲುವಂಗಿ, ಕೈಗವಸು, ಮುಖಗವಸು ತೊಟ್ಟು
ಬೇರೆ ಯಾರೋ ಆಗಿ ಬಂದಳು.
ಕಣ್ಣು ಮಾತ್ರ ಮೊದಲಿನವು.
“ತಪ್ಪು ತಿಳಿಯಬೇಡಿ, ನಿಯಮ.”
ಹತ್ತಿ ಸುತ್ತಿದ ಕಡ್ಡಿ ಮೂಗಿನೊಳಗೆ ಒಂದು ಸುತ್ತು,
ಗಂಟಲಲ್ಲಿ ಒಂದು ಸುತ್ತು.

ಮೂರನೇ ಮಹಡಿಯ ಗಾಜಿನ ಪೆಟ್ಟಿಗೆಯಲ್ಲಿ
ಯಾನೆಕೆಯ ಮಗ, ಪಿಮ್,
ಎಂಟು ವಾರ ಮೊದಲೇ ಬಂದವನು,
ಒಂದು ಕಿಲೋ ನಾನೂರು ಗ್ರಾಂ.
ತೂಕ ಕೇಳಿದ ಕೂಡಲೇ ನನಗೆ ಹೊಳೆದದ್ದನ್ನು
ಯಾರಿಗೂ ಹೇಳಲಿಲ್ಲ:
ಹುಟ್ಟಿದ ದಿನ ಒಳ್ಳೆಯ ಹಂದಿಮರಿ ತೂಗುವಷ್ಟು.
ಬದುಕುವ ತೂಕ.

ಎರಡು ದಿನದ ಮೇಲೆ ಫೋನು ಬಂತು.
ನನ್ನ ಮೂಗಿನಲ್ಲಿ ಯಾರೋ ಬಾಡಿಗೆಗಿದ್ದಾರಂತೆ.
ನನಗೇನೂ ಮಾಡುವುದಿಲ್ಲವಂತೆ,
ಸದ್ದಿಲ್ಲದ ನೆರೆಯವರ ಹಾಗೆ.
ಆದರೆ ಮೇಲಿನ ಆ ಪುಟ್ಟ ಮೈಗೆ ದಾಟಿದರೆ
ಎಬ್ಬಿಸಿ ಕಳಿಸಲು ಉಳಿದಿರುವ ಔಷಧಿ
ಬೆರಳೆಣಿಕೆಯಷ್ಟು.

ನನಗೆ ನೆನಪಾದದ್ದು ಚೀಲಗಳು.
ಇಪ್ಪತ್ತೈದು ಕಿಲೋದ ಮೇವಿನ ಚೀಲ,
ಅದರ ಮಡಿಕೆಯಲ್ಲಿ ಅಂಟಿದ ಹಳದಿ ಪುಡಿ.
ಒಂದು ಕೆಮ್ಮಿದರೆ ಒಂಬೈನೂರಕ್ಕೂ ಬೆರೆಸುತ್ತಿದ್ದೆವು.
ಆಮೇಲೆ ಯಾವುದೂ ಕೆಮ್ಮದಿದ್ದರೂ,
ಸೋಮವಾರ ಎಂಬ ಕಾರಣಕ್ಕೆ.
ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದೆವು,
ಎತ್ತಿ ಎತ್ತಿ ಕೊಡಲಿಯೇ ಮೊಂಡಾಯಿತು.
ಕೆಟ್ಟವರಾಗಿದ್ದೆವು ಎಂದಲ್ಲ.
ಆ ವರ್ಷ ಅಂಗಡಿಯಲ್ಲಿ ನಮ್ಮ ಮಾಂಸದ ಬೆಲೆ
ನಾಯಿಯ ಡಬ್ಬಿಗಿಂತ ಕೆಳಗಿತ್ತು,
ಸತ್ತ ಪ್ರತಿ ಮರಿಯೂ
ಬ್ಯಾಂಕಿನವನ ಲೆಕ್ಕದಲ್ಲಿ ಹೆಸರು ಪಡೆಯುತ್ತಿತ್ತು.

ಪುಸ್ತಕ ಬಂದದ್ದು ಪಶುವೈದ್ಯ ರೂಸ್‌ಕಾಂಪನ ಜೊತೆ.
ಪ್ರತಿ ಸೂಜಿಗೆ ಒಂದು ಸಾಲು, ಪ್ರತಿ ಸಾಲಿಗೆ ಸಹಿ.
ಅರ್ಧಕ್ಕೆ ಇಳಿಸಿದೆವು, ಮತ್ತೆ ಅದರರ್ಧಕ್ಕೆ.
ಮರಿಗಳನ್ನು ತಾಯಿಯ ಬಳಿ ಇನ್ನೊಂದು ವಾರ ಬಿಟ್ಟೆವು,
ಗಾಳಿಗೆ ಗೋಡೆ ಒಡೆದೆವು, ಲಸಿಕೆ ಹಾಕಿದೆವು,
ಹಾರಿ ಬೈದುಕೊಂಡೇ ಬೂಟು ತೊಳೆಯುವುದನ್ನು ಕಲಿತ.
ಒಮ್ಮೆ ಕಾಫಿಗೆ ಕೂತಾಗ ರೂಸ್‌ಕಾಂಪ್ ಹೇಳಿದ್ದ:
“ಕೊಡುವುದನ್ನು ನಿಲ್ಲಿಸಬಹುದು ರೀತ್,
ಅವು ಕಲಿತದ್ದನ್ನು ಮರೆಸುವುದು ನಿಧಾನ.”
ಹಂದಿಗಳ ಮಾತು ಎಂದುಕೊಂಡು
ಇನ್ನೊಂದು ಬಿಸ್ಕತ್ತು ಕೊಟ್ಟಿದ್ದೆ.

ಭಾನುವಾರ ಗಾಜಿನ ಈಚೆ ನಿಂತೆ.
ಯಾನೆಕೆ ಮಗುವಿನ ಅಂಗೈ ಎತ್ತಿ ನನ್ನ ಕಡೆ ಆಡಿಸಿದಳು.
ಅಂಚೆಚೀಟಿಯಷ್ಟಿತ್ತು.
ನಾನು ಕೈ ಬೆನ್ನ ಹಿಂದೆ ಕಟ್ಟಿಕೊಂಡೆ,
ಏನೋ ಕದ್ದವಳ ಹಾಗೆ.
ಬೇಕಿರಲಿಲ್ಲ. ಗಾಜಿತ್ತಲ್ಲ.

ಅದೇ ರಾತ್ರಿ ನಾನೂರ ಹದಿನೇಳು ಮರಿ ಹಾಕಿತು.
ಹದಿನಾಲ್ಕು. ಕೊನೆಯದು ಒಂದು ಕಿಲೋ ಕೂಡ ಇಲ್ಲ,
ಉಸಿರನ್ನು ಹುಡುಕುತ್ತಿತ್ತು.
ಬಾಯಿಯ ಲೋಳೆ ಬೆರಳಲ್ಲಿ ತೆಗೆದೆ,
ಒಣಹುಲ್ಲಲ್ಲಿ ಉಜ್ಜಿದೆ, ಕೆಂಪು ದೀಪದ ಕೆಳಗೆ
ಬರಿಗೈಯಲ್ಲಿ ಹಿಡಿದು ಕೂತೆ.
ಅದು ನನ್ನ ಅಂಗೈ ಮೂಸಿತು. ಏನೂ ಕೇಳಲಿಲ್ಲ.

ಕಪಾಟಿನಲ್ಲಿ ಸೀಸೆ ಇತ್ತು.
ಹಾರಿ ಕಪಾಟು ನೋಡಿದ, ಆಮೇಲೆ ನನ್ನನ್ನು.
“ಬೆಳಗಾಗಲಿ, ರೂಸ್‌ಕಾಂಪ್ ನೋಡಲಿ,” ಎಂದೆ.
ಅವನು ಒಲ್ಲದ ಮನಸ್ಸಿನಿಂದ ಇನ್ನೊಂದು ಕಂತೆ ಹುಲ್ಲು ತಂದ.

ಪುಸ್ತಕ ತೆರೆದು ತಾರೀಖು ಬರೆದೆ, ಸಂಖ್ಯೆ ಬರೆದೆ.
ಔಷಧಿಯ ಚೌಕ ಖಾಲಿ ಬಿಟ್ಟೆ.
ಪೆನ್ನಿನ ಮುಚ್ಚಳ ಮಾತ್ರ
ಹಾಕಲಿಲ್ಲ.