ಒಂಟಿ ಕೈಗವಸುಗಳು

ಮೆಸ್ತಿಯಾದ ಶಾಲೆಯಲ್ಲಿ ಇವತ್ತು
ನಾಜಿಬ್ರೋಲಾಗೆ ಬೀಳ್ಕೊಡುಗೆ.
ಮೂವತ್ತೆಂಟು ಚಳಿಗಾಲ
ನಮಗಿಂತ ಮೊದಲೇ ಬಂದು ಒಲೆ ಹೊತ್ತಿಸಿದವಳು
ಇವತ್ತೂ ಹೊತ್ತಿಸಿಯೇ ಕುರ್ಚಿಗೆ ಬಂದಳು,
ಕೂದಲಲ್ಲಿ ಪೈನ್ ಮರದ ಸಿಪ್ಪೆ.

ಭಾಷಣ ಉದ್ದವಾಯಿತು. ಗೋಡೆ ಗಡಿಯಾರ ಕೊಟ್ಟರು.
"ನನಗ್ಯಾಕೆ ಇದು" ಅಂದವಳು
ಮೇಜಿನಡಿಯಿಂದ ರಟ್ಟಿನ ಪೆಟ್ಟಿಗೆ ಎಳೆದಳು:
ಮಕ್ಕಳು ಬಿಟ್ಟುಹೋದ ಕೈಗವಸುಗಳು,
ಎಲ್ಲವೂ ಒಂಟಿ,
ಹರಿದ ಬೆರಳಿಗೆಲ್ಲ ಬೇರೆ ಬಣ್ಣದ ನೂಲು.

ಹೆಡ್‌ಮಾಸ್ಟರು ಭಾಷಣದ ಹಾಳೆ ಮಡಿಸಿ
ಮಂಡಿಯೂರಿ ಹುಡುಕತೊಡಗಿದರು.
"ನಿನ್ನದಿಲ್ಲ ಕಣೋ ಮುರ್ಜಕಾನ್.
ನೀನು ಅವತ್ತೇ ಅತ್ತು ಇಸಕೊಂಡು ಹೋದೆ."

ನಕ್ಕೆವು. ನಗುತ್ತಲೇ
ಒಬ್ಬೊಬ್ಬರಾಗಿ
ಪೆಟ್ಟಿಗೆಯ ಹತ್ತಿರ ಸರಿದೆವು.
ಅವಳು ಎದ್ದು ಹೋಗಿ
ಒಲೆಗೆ ಇನ್ನೊಂದು ಸೌದೆ ಇಟ್ಟಳು.